ಗೂಡ್ಸಿಗೆ ‘ಬರ್ಲಿ’ ಅಂದವಳು

ನನ್ನ ಹೆಂಡತಿಯ ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ನಮ್ಮ ಕಾರಿನ ಉದ್ದ ಹದಿನೈದೂವರೆ ಅಡಿ. ಇಬ್ಬರೂ ಒಬ್ಬರನ್ನೊಬ್ಬರು ಪಳಗಿಸಿಕೊಂಡದ್ದು ಹೋದ ವರ್ಷ, ಆರು ವಾರದಲ್ಲಿ. ಆ ಆರು ವಾರ ನನಗೆ ಕೂಗಾಡುವುದೊಂದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕೊನೆಗೆ ಅದೂ ಕೈತಪ್ಪಿತು.

ನಮ್ಮದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮರದ ಚೌಕಟ್ಟು, ಸ್ಪ್ರಿಂಗು, ಮೊಳೆ ನನ್ನ ಪಾಲು. ಅಳೆಯುವುದು, ಕತ್ತರಿಸುವುದು, ಹೊಲಿಯುವುದು ಅವಳ ಪಾಲು. ಹೊಲಿಗೆ ಒಂದು ನೂಲಿನಷ್ಟು ಸರಿದರೂ ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಒಂದು ಸಲ ಸೋಫಾದ ತಳದ ಹೊಲಿಗೆಯನ್ನು, ಅದೂ ಗೋಡೆಯ ಕಡೆ ಬರುವ ಭಾಗವನ್ನು, ಬಿಚ್ಚುತ್ತಾ ಕೂತಿದ್ದಳು. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ.

“ಅದನ್ನ ಯಾರೇ ಬಗ್ಗಿ ನೋಡ್ತಾರೆ?” ಅಂದೆ.

“ನಾನು ನೋಡಿದೀನಲ್ಲ,” ಅಂದಳು.

ಅವಳು ಅಂಥವಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನನಗಿಂತ ಗಟ್ಟಿಯಾಗಿ ಒಂದು ಮಾತು ಆಡಿದ್ದಿಲ್ಲ, ಹಿಡಿದದ್ದನ್ನು ಬಿಟ್ಟದ್ದೂ ಇಲ್ಲ.

ಕಾರು ಕೊಂಡದ್ದು ಆ ಆರು ವಾರಕ್ಕೆ ಐದು ವರ್ಷ ಮುಂಚೆ. ಹೊಸದಲ್ಲ, ಎರಡು ಕೈ ದಾಟಿ ಬಂದದ್ದು. ಸ್ಟೇಷನ್ ವ್ಯಾಗನ್. ಅಂದರೆ ಮುಂದೆ ಕಾರು, ಹಿಂದೆ ಒಂದು ಕೋಣೆ ಅಂತ ತಿಳಿದುಕೊಳ್ಳಿ. ಚಾವಣಿ ಹಿಂದಿನ ಗಾಜಿನ ತನಕ ನೇರ ಹೋಗುತ್ತದೆ. ಹಿಂದಿನ ಸೀಟು ಮಡಿಚಿದರೆ ಒಬ್ಬ ಆಸಾಮಿ ಕಾಲು ಚಾಚಿ ಮಲಗಬಹುದು. ಮಾರಿದವನು ಕೋಳಿ ಸಾಕುವವನು. ಮೂರು ಸಲ ತೊಳೆದೇ ಕೊಟ್ಟಿದ್ದ. ಆದರೂ ಗಾಳಿಯ ಗುಂಡಿ ಒತ್ತಿದಾಗೆಲ್ಲ ಎಲ್ಲಿಂದಲೋ ಒಂದು ಪುಕ್ಕ ಹಾರಿ ಬಂದು ಮುಂದೆ ಕೂತವರ ಮೂಗಿನ ಮೇಲೆ ಇಳಿಯುತ್ತಿತ್ತು. ಒಂದು ವರ್ಷ ಇಳಿಯಿತು.

ಅವಳ ಅಪ್ಪ ನಮ್ಮ ಜೊತೆಗೇ ಇರುವುದು. ರೈಲ್ವೆ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಬಂದವರು. ಎಂಜಿನ್ನು ಹಿಂದಕ್ಕೆ ಬರುವಾಗ ಪಕ್ಕದಲ್ಲಿ ನಿಂತು ಬಾವುಟ ಬೀಸಿ, ಸೀಟಿ ಊದಿ, ಒಂದು ವ್ಯಾಗನ್ನಿಗೆ ಇನ್ನೊಂದನ್ನು ತಂದು ಸೇರಿಸುವ ಕೆಲಸ. ಕಾರು ತಂದ ದಿನ ಮೇಲಿಂದಲೇ ಕೇಳಿದರು.

“ಯಾವ ಗಾಡಿ ತಂದ್ರಿ ಅಳಿಯಂದ್ರೇ?”

“ಸ್ಟೇಷನ್ ವ್ಯಾಗನ್ ಮಾವ.”

ಮುದುಕರ ಮುಖ ಊರಗಲವಾಯಿತು. “ಸ್ಟೇಷನ್ನವರು ಈಗ ವ್ಯಾಗನ್ನೂ ಮಾರ್ತಾರಾ? ಎಷ್ಟು ಟನ್ನು ಹಿಡಿಯುತ್ತೆ? ಹಳಿ ಇಲ್ಲದೆ ಮನೆ ತನಕ ಹೇಗೆ ತಂದ್ರಿ?”

ನಮ್ಮ ಮಗಳು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವತ್ತಿನಿಂದ ಕಾರಿನ ಹೆಸರು ಗೂಡ್ಸು. ಬೀದಿಯವರಿಗೂ ಗೂಡ್ಸೇ. “ಗೂಡ್ಸು ಬಂತು, ಸೈಕಲ್ ತೆಗೀರೋ,” ಅಂತ ಪಕ್ಕದ ಚಾವಿ ರಿಪೇರಿಯವನು ದಿನಾ ಕೂಗುತ್ತಿದ್ದ.

ಗೂಡ್ಸು ನಮಗೆ ಕಾರೂ ಹೌದು, ಕೈಗಾಡಿಯೂ ಹೌದು. ಬೆಳಗ್ಗೆ ಮಗಳನ್ನು ಶಾಲೆಗೆ ಬಿಡುವುದು, ಬರುವಾಗ ಫೋಮಿನ ಹಾಳೆ ತರುವುದು, ಗಿರಾಕಿಯ ಕುರ್ಚಿ ಮುಟ್ಟಿಸುವುದು, ವಾರದ ದಿನಸಿ, ನೀರಿನ ಕ್ಯಾನು. ಹಿಂದಿನ ಬಾಗಿಲನ್ನು ಮೇಲೆ ಎತ್ತಿ ಹಿಡಿಯುವ ಕಡ್ಡಿಗಳು ಎಂದೋ ಸತ್ತಿದ್ದವು. ಅದಕ್ಕೆ ಮೇಜಿನ ಒಂದು ಹಳೆಯ ಕಾಲನ್ನು ಆಸರೆಯಾಗಿ ಕೊಡುತ್ತಿದ್ದೆವು. ಮಗಳು ಪರೀಕ್ಷೆಗೆ ಓದಿದ್ದೆಲ್ಲ ಆ ಹಿಂದಿನ ಕೋಣೆಯಲ್ಲೇ. ಮನೆಯಲ್ಲಿ ನಾನು ಮೊಳೆ ಹೊಡೆಯುವ ಸದ್ದಿಗೆ ಲೆಕ್ಕ ತಪ್ಪುತ್ತದಂತೆ. ಓಡಿಸುತ್ತಿದ್ದವನು ನಾನೊಬ್ಬನೇ.

ಹೋದ ವರ್ಷ ಮಾವ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬಲಗಾಲಿನ ಮಂಡಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಕಾಲು ಕೋಲಿನಂತೆ ನೇರ ನಿಂತಿತ್ತು, ಬಗ್ಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರಿದ್ದರು. ಮನೆಯಲ್ಲಿ ನಾವು ಅವರನ್ನು ಕಾಲು ಬಗ್ಗಿಸುವ ಮೇಡಂ ಅನ್ನುತ್ತಿದ್ದೆವು. ಅವರು ಮುಚ್ಚುಮರೆ ಇಲ್ಲದೆ ಹೇಳಿದರು.

“ವಾರಕ್ಕೆ ಮೂರು ದಿನ, ಮೂರು ತಿಂಗಳು, ಒಂದು ದಿನಾನೂ ತಪ್ಪಿಸಬಾರದು. ಈಗ ಮಂಡಿ ಬಗ್ಗಿದರೆ ಬಗ್ಗಿತು. ಇಲ್ಲದಿದ್ದರೆ ಹೀಗೇ ಕೂತುಬಿಡುತ್ತೆ. ಆಮೇಲೆ ನಾನಲ್ಲ, ಯಾರು ಬಂದರೂ ಆಗಲ್ಲ.”

ಆಸ್ಪತ್ರೆ ಇರುವುದು ಊರಿನ ಆಚೆ ತುದಿಗೆ. ಗೂಡ್ಸು ರಿಪೇರಿಗೆ ಹೋಗಿದ್ದಾಗ ಬಾಡಿಗೆ ಕಾರಿನಲ್ಲಿ ಒಂದು ದಿನ ಕರೆದುಕೊಂಡು ಹೋದೆವು. ಆ ನೇರ ಕಾಲು ಯಾವ ಬಾಗಿಲಿನಿಂದಲೂ ಸುಲಭಕ್ಕೆ ಒಳಗೆ ಹೋಗಲಿಲ್ಲ. ಹೋದ ಮೇಲೆ ಪಾದ ಡ್ರೈವರನ ಮೊಣಕೈಗೆ ತಾಗುತ್ತಿತ್ತು. ಅವನು ದಾರಿಯುದ್ದಕ್ಕೂ “ಅಜ್ಜಾ, ಗೇರು ಒದೀಬೇಡಿ,” ಅನ್ನುತ್ತಲೇ ಬಂದ. ಗೂಡ್ಸಿನಲ್ಲಿ ಆ ತಾಪತ್ರಯವಿಲ್ಲ. ಹಿಂದಿನ ಸೀಟಿನ ಅರ್ಧ ಮಡಿಚಿ, ಫೋಮಿನ ಹಾಸಿಗೆ ಮಾಡಿ ಹಾಕಿದೆ, ಬೆಲ್ಟೂ ಜೋಡಿಸಿದೆ. ಮುಂದಿನ ಸೀಟಿನ ಬೆನ್ನಿಗೆ ಒರಗಿ, ಕಾಲನ್ನು ಹಿಂದಿನ ಗಾಜಿನ ಕಡೆ ಚಾಚಿ ಕೂತರೆ ಮಾವ ರಾಜರು. ಒಂದೇ ಅಂದರೆ, ಮುಖ ಹಿಂದಕ್ಕೆ. ದಾರಿಯೆಲ್ಲ ಕಳೆದುಹೋದದ್ದನ್ನೇ ನೋಡಬೇಕು. “ಯಾರ್ಡಿನಲ್ಲೂ ನಾನು ಹಿಂದೇನೇ ನೋಡಿದ್ದು,” ಅನ್ನುತ್ತಿದ್ದರು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ನಾನು ಕೆಡಿಸಿದೆ. ಎರಡನೇ ವಾರ, ಮಾವನನ್ನು ಕರೆದುಕೊಂಡು ಬರುವಾಗ, ನಾಲ್ಕು ರಸ್ತೆ ಕೂಡುವಲ್ಲಿ ಹಿಂದಿನವನು ಹಾರನ್ ಹೊಡೆದ. ಮತ್ತೆ ಹೊಡೆದ. ಮೂರನೇ ಸಲ ಕೈ ತೆಗೆಯಲೇ ಇಲ್ಲ. ಇಳಿದು ಹೋದೆ. ಅವನ ವೈಪರ್ ಕಿತ್ತು ಅವನ ಕೈಗೇ ಕೊಟ್ಟು, “ಇದರಲ್ಲಿ ಕಿವಿ ತೊಳ್ಕೋ,” ಅಂದು ಬಂದೆ. ಪೊಲೀಸಿನವನು ಮೂರು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದ. ಎಂಟು ತಿಂಗಳು ನನ್ನ ಲೈಸೆನ್ಸ್ ಅಮಾನತ್ತಾಯಿತು.

ಆ ದಿನ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಪ್ಪನ ಕಾಲಿನ ಕಡೆ ಒಂದು ಸಲ ನೋಡಿದಳು, ನನ್ನ ಕಡೆ ಒಂದು ಸಲ ನೋಡಿದಳು, ಹೊಲಿಗೆ ಯಂತ್ರಕ್ಕೆ ಹೋಗಿ ಕೂತಳು.

ಸದ್ಯಕ್ಕೆ ಅವಳ ತಮ್ಮ ಕೈಹಿಡಿದ. ನನ್ನ ಈ ಭಾಮೈದನಿಗೆ ಔಷಧಿ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಬೆಳಗ್ಗೆ ಬಂದು ಗೂಡ್ಸು ಓಡಿಸಿಕೊಂಡು ಅಪ್ಪನನ್ನು ಕರೆದೊಯ್ಯುತ್ತಿದ್ದ. ಒಳ್ಳೆಯವನೇ, ಬಾಯಿ ಮಾತ್ರ ಮರ ಉಜ್ಜುವ ಉಪ್ಪುಕಾಗದ. ಬಂದ ದಿನವೇ ಅಂದ.

“ಭಾವ, ಇನ್ನು ಒಂದೂವರೆ ತಿಂಗಳಿಗೆ, ಒಂದನೇ ತಾರೀಕಿನಿಂದ, ನನಗೆ ಬೆಳಗಿನ ಪಾಳಿ. ಅಷ್ಟರೊಳಗೆ ಏನಾದರೂ ವ್ಯವಸ್ಥೆ ಮಾಡ್ಕೊಳ್ಳಿ. ನನ್ನ ಕೇಳಿದರೆ ಈ ಹೆಣದ ಗಾಡಿ ಮಾರಿ. ಗುಜರಿಯವನು ನನಗೆ ಗೊತ್ತು.”

“ಹೆಣದ ಗಾಡಿ ಅಂದ್ರೆ ನೋಡು, ನಿನ್ನನ್ನೇ ಮೊದಲು ಮಲಗಿಸ್ತೀನಿ!” ಅಂದೆ.

“ಮಲಗಿಸಿದರೂ ಓಡಿಸೋಕೆ ಲೈಸೆನ್ಸ್ ಎಲ್ಲಿದೆ ಭಾವ?”

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

“ನಾನು ಕಲೀತೀನಿ,” ಅಂದಳು.

ಇಬ್ಬರೂ ಅವಳನ್ನೇ ನೋಡಿದೆವು. ನಲವತ್ಮೂರು ವರ್ಷದವಳು, ಸೈಕಲ್ ಕೂಡ ತುಳಿದವಳಲ್ಲ.

“ಅಕ್ಕ, ಕಲಿ, ಬೇಡ ಅನ್ನಲ್ಲ,” ಅಂದ ತಮ್ಮ. “ಡ್ರೈವಿಂಗ್ ಸ್ಕೂಲಿನ ಚಿಕ್ಕ ಕಾರಿನಲ್ಲಿ ಪರೀಕ್ಷೆ ಕೊಡು. ಸುಲಭವಾಗಿ ಪಾಸಾಗ್ತೀಯ.”

“ಆಮೇಲೆ?”

“ಆಮೇಲೆ ಏನು, ಲೈಸೆನ್ಸ್ ಬರುತ್ತೆ.”

“ಲೈಸೆನ್ಸ್ ತಗೊಂಡು ಬಂದು ಇದರ ಮುಂದೆ ಕೈಕಟ್ಟಿ ನಿಲ್ಲಲಾ? ಅಪ್ಪನ ಕಾಲು ಹಿಡಿಯೋದು ಇದರಲ್ಲಿ. ನಾನು ಓಡಿಸಬೇಕಾದ್ದೂ ಇದನ್ನೇ, ಕಲಿಯೋದೂ ಇದರಲ್ಲೇ.”

ಮಾತು ಅಲ್ಲಿಗೆ ಮುಗಿಯಿತು. ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದಳು, ಚಿಹ್ನೆಗಳ ಪುಸ್ತಕವನ್ನು ಮಗಳ ಜೊತೆ ಕೂತು ಬಾಯಿಪಾಠ ಮಾಡಿದಳು. ಸ್ಟಿಯರಿಂಗಿನ ಮೇಲಿಂದ ರಸ್ತೆ ಕಾಣುತ್ತಿರಲಿಲ್ಲ, ಆಕಾಶ ಮಾತ್ರ ಕಾಣುತ್ತಿತ್ತು. ಅದಕ್ಕೆ ಕೂರುವ ದಿಂಬು ಹೊಲಿದುಕೊಂಡಳು. ಮೊದಲನೆಯದು ಮೆತ್ತಗಾಗಿ ಹುದುಗಿತು. ಎರಡನೆಯದು ಎತ್ತರವಾಗಿ ಕಾಲು ಪೆಡಲಿಗೆ ಸಿಗಲಿಲ್ಲ. ಮೂರನೆಯದನ್ನು ಹಿಂದೆ ದಪ್ಪ, ಮುಂದೆ ತೆಳ್ಳಗೆ ಮಾಡಿದಳು. ಅದು ಕೂತಿತು. ಆಮೇಲೆ ಆ ದಿಂಬು ನೋಡಿ ಇಬ್ಬರು ಗಿರಾಕಿಗಳು ತಮಗೂ ಬೇಕು ಅಂದರು, ಅದು ಬೇರೆ ಮಾತು.

ಮುಂದಕ್ಕೆ ಓಡಿಸುವುದನ್ನು ಅವಳು ಹತ್ತು ದಿನದಲ್ಲಿ ಹಿಡಿದಳು. ತೊಂದರೆಯೆಲ್ಲ ಹಿಂದಕ್ಕೆ ಬರುವುದರಲ್ಲಿ. ನಮ್ಮ ಓಣಿಯಲ್ಲಿ ಗಾಡಿ ತಿರುಗುವುದಿಲ್ಲ, ದಿನಾ ಹಿಮ್ಮುಖವಾಗಿಯೇ ಒಳಗೆ ಬರಬೇಕು. ಪರೀಕ್ಷೆಯಲ್ಲೂ ಎರಡು ಸಾಲು ಕಂಬದ ನಡುವೆ ಹಿಂದಕ್ಕೆ ಬಂದು, ಹಿಂದಿನ ಬಿಳಿ ಗೆರೆ ದಾಟದಂತೆ ನಿಲ್ಲಿಸಬೇಕು. ಅಭ್ಯಾಸಕ್ಕೆ ಮರದ ಡಿಪೋದವನು ತನ್ನ ಖಾಲಿ ಅಂಗಳ ಬಿಟ್ಟುಕೊಟ್ಟ. ಆಸ್ಪತ್ರೆಯಿಂದ ಬರುವಾಗ ತಮ್ಮ ಅಲ್ಲಿ ಅವಳನ್ನು ಸ್ಟಿಯರಿಂಗಿಗೆ ಕೂರಿಸಿ ಪಕ್ಕದಲ್ಲಿ ತಾನು ಕೂರುತ್ತಿದ್ದ. ನಾನು ಸೈಕಲ್ಲಿನಲ್ಲಿ ಹೋಗಿ ಗಾಡಿಯ ಹಿಂದೆ ನಿಲ್ಲುತ್ತಿದ್ದೆ.

ಗಾಡಿ ಹಿಂದಕ್ಕೆ ತೆಗೆಯುವವರಿಗೆ ಹಿಂದೆ ನಿಂತವನು ಏನನ್ನುತ್ತಾನೆ ಅಂತ ಹೇಳಬೇಕಾಗಿಲ್ಲ. “ಬರ್ಲಿ, ಬರ್ಲಿ, ಬರ್ಲಿ... ಸಾಕು.” ನಾನೂ ಅದನ್ನೇ ಅಂದೆ. ಆದರೆ ನನ್ನ ಗಂಟಲೇ ಹಾಗೆ. ಮೊದಲ ‘ಬರ್ಲಿ’ ಮನುಷ್ಯರ ದನಿಯಲ್ಲಿ ಹೊರಟರೆ ಮೂರನೆಯದಕ್ಕೆ ಜಗಳದ ದನಿ ಬರುತ್ತದೆ.

“ಬರ್ಲಿ ಬರ್ಲಿ... ಬಲಕ್ಕೆ! ಬಲಕ್ಕೆ ಅಂದ್ರೆ ನನ್ನ ಬಲ ಅಲ್ಲ ಕಣೇ, ನಿನ್ನ ಬಲ! ಅಯ್ಯೋ, ಬರ್ಲಿ ಅಂದ್ರೆ ಬರ್ಬೇಕು, ಸಾಕು ಅಂದ್ರೆ... ಸಾಕು! ಸಾಕೂ!”

ಗೂಡ್ಸು ಮರದ ತುಂಡಿಗೆ ಗುದ್ದಿತು. ದೀಪದ ಗಾಜು ಒಡೆಯಿತು. ಅವಳು ಎಂಜಿನ್ನು ಆರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ರೀ, ನೀವು ‘ಸಾಕು’ ಅಂದರೆ ನನ್ನ ಕಾಲು ಎಲ್ಲಿದೆ ಅನ್ನೋದೇ ಮರೆತುಹೋಗುತ್ತೆ. ಅತ್ಲಾಗೆ ಹೋಗಿ ಕೂತ್ಕೊಳ್ಳಿ.”

“ಹಾಗಾದರೆ ಹಿಂದೆ ಯಾರು ನೋಡ್ತಾರೆ?”

ಗಾಡಿಯ ಒಳಗಿಂದ ಟಕ್ ಟಕ್ ಅಂತ ಸದ್ದು ಬಂತು. ಮಾವ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. ಅವರ ಮುಖ ಹೇಗೂ ಹಿಂದಕ್ಕೇ ಇತ್ತಲ್ಲ!

“ನಾನಿಲ್ವೇನಮ್ಮ? ಯಾರ್ಡಿನ ಕಾನೂನು ಕೇಳು. ಕೋಲಿನ ಸದ್ದು ಇರೋ ತನಕ ಬಾ. ಸದ್ದು ನಿಂತಿತೋ, ನಿಲ್ಲು. ಮಾತು ಬೇಡ, ಕೂಗು ಬೇಡ.”

ಆ ಕ್ಷಣದಿಂದ ಅಂಗಳದಲ್ಲಿ ಬೇರೆಯೇ ಶಾಂತಿ. ಟಕ್... ಟಕ್... ಟಕ್... ಗೂಡ್ಸು ಆನೆಯ ಹಾಗೆ ಹಿಂದಕ್ಕೆ ಬರುತ್ತಿತ್ತು. ಸದ್ದು ನಿಂತರೆ ನಿಲ್ಲುತ್ತಿತ್ತು. ಇಳಿದು ನೋಡಿದರೆ ಗೆರೆಗೆ ಒಂದು ಗೇಣು. ಮುದುಕರು ಮೂವತ್ತನಾಲ್ಕು ವರ್ಷ ಮಾಡಿದ್ದು ಅದನ್ನೇ ಅಲ್ಲವೇ? ಎರಡು ವಾರದಲ್ಲಿ ನಮ್ಮ ಓಣಿಗೂ ಹಾಗೆಯೇ ತಂದು ನಿಲ್ಲಿಸಿದಳು. ಚಾವಿ ರಿಪೇರಿಯವನು ಅಂಗಡಿಯಿಂದ ಎದ್ದು ಬಂದು ಚಪ್ಪಾಳೆ ಹೊಡೆದ. ಭಾಮೈದ ಕೂಡ, “ಅಕ್ಕ, ಗುಜರಿಯವನಿಗೆ ಬರಬೇಡ ಅಂತೀನಿ,” ಅಂದ.

ತಿಂಗಳು ಮುಗಿಯಲು ಒಂಬತ್ತು ದಿನ ಇರುವಾಗ ಪರೀಕ್ಷೆ. ಮೈದಾನದ ಬೇಲಿಯ ಹೊರಗೆ ನಾನು, ಭಾಮೈದ, ಬೆಂಚಿನ ಮೇಲೆ ಕಾಲು ಚಾಚಿಕೊಂಡು ಮಾವ. ಇನ್ಸ್‌ಪೆಕ್ಟರ್ ಅವಳ ಪಕ್ಕದಲ್ಲಿ ಕೂತ. ಮುಂದಕ್ಕೆ ಹೋಗುವುದು, ತಿರುವು, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಆಮೇಲೆ ಕಂಬಗಳ ಮುಂದೆ ನಿಂತಳು. ಹಿಂದಿನ ಬಿಳಿ ದೀಪ ಹತ್ತಿತು.

ಗಾಡಿ ಅಲ್ಲಾಡಲಿಲ್ಲ.

ಒಂದು ನಿಮಿಷ ಆಯಿತು. ದೀಪ ಹತ್ತಿಯೇ ಇದೆ, ಎಂಜಿನ್ನು ಗುರುಗುಡುತ್ತಿದೆ, ಗಾಡಿ ಮಾತ್ರ ಕಲ್ಲು.

“ಏನಾಯಿತೋ ಇವಳಿಗೆ!” ಅಂದೆ.

ಪಕ್ಕದಲ್ಲಿ ಮಾವ ಹಣೆ ಚಚ್ಚಿಕೊಂಡರು. “ಅಯ್ಯೋ ನನ್ನ ಬುದ್ಧಿಗೆ! ಕೋಲಿನ ಸದ್ದಿಲ್ಲವಲ್ಲ ಅಳಿಯಂದ್ರೇ. ಸದ್ದಿಲ್ಲದಿದ್ದರೆ ಅಲುಗಬೇಡ ಅಂತ ನಾನೇ ಕಲಿಸಿದೀನಿ!”

ಅಲ್ಲಿಂದಲೇ ಬೇಲಿಯ ಕಂಬಕ್ಕೆ ಕೋಲು ಕುಟ್ಟಿದರು. ಅಷ್ಟು ದೂರ ಎಲ್ಲಿ ಕೇಳುತ್ತದೆ? ಕೇಳಿದ್ದು ಕಾವಲಿನವನಿಗೆ. ಅವನು ಬಂದು ಗದರಿಸಿದ. ನಾನು ಅವನ ಮೇಲೆ ಏರಿಹೋದೆ. ಭಾಮೈದ ನನ್ನ ಸೊಂಟ ಹಿಡಿದು ಎಳೆದ. “ಭಾವ, ಉಳಿದ ಏಳು ತಿಂಗಳನ್ನೂ ಏಳು ವರ್ಷ ಮಾಡ್ಕೋಬೇಡಿ!” ಈ ಗಲಾಟೆಯೊಳಗೆ ಇನ್ಸ್‌ಪೆಕ್ಟರ್ ಇಳಿದು ಕಾಗದದ ಮೇಲೆ ಗೆರೆ ಎಳೆದಾಗಿತ್ತು. ಫೇಲು. ಮತ್ತೆ ಬರಬೇಕಾದರೆ ಏಳು ದಿನ ಬಿಟ್ಟು. ಅಂದರೆ ಒಂದನೇ ತಾರೀಕಿಗೆ ಎರಡೇ ದಿನ ಮುಂಚೆ.

ಮನೆಗೆ ಬಂದೆವು. ಊಟಕ್ಕೆ ಕೂತಾಗ ಭಾಮೈದ ಮೆಲ್ಲಗೆ ಶುರುಮಾಡಿದ.

“ಅಕ್ಕ, ಈಗಲೂ ಹೇಳ್ತೀನಿ. ಮುಂದಿನ ವಾರ ಸ್ಕೂಲಿನ ಚಿಕ್ಕ ಕಾರು...”

“ಬಾಯಿ ಮುಚ್ಚೋ!” ಅಂದೆ ನಾನು. “ಅವಳಿಗೆ ಕೋಲಿನ ಅಭ್ಯಾಸ ಆಗಿದ್ದು ನಿನ್ನ ಎದುರಿಗೇ ಅಲ್ವಾ? ಪಕ್ಕದಲ್ಲಿ ಕೂತು ಏನು ನೋಡ್ತಿದ್ದೆ?”

“ನೀವು ವೈಪರ್ ಕೀಳದಿದ್ದರೆ ನಾನ್ಯಾಕೆ ಪಕ್ಕದಲ್ಲಿ ಕೂರ್ತಿದ್ದೆ?”

“ಇಬ್ಬರೂ ಸಾಕು.”

ಅವಳು ಹೇಳಿದ್ದು ಅಷ್ಟೇ. ದನಿ ಏರಿಸಲಿಲ್ಲ. ಇಬ್ಬರೂ ನಿಂತೆವು, ಬ್ರೇಕು ಹಾಕಿದ ಹಾಗೆ. ಮಗಳು ತಟ್ಟೆಯ ಕಡೆ ಬಗ್ಗಿ ನಕ್ಕಳು.

ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪ, ಅಷ್ಟು ವರ್ಷ ನೀವು ವ್ಯಾಗನ್ನಿಗೆ ಬಾ ಅಂದ್ರಿ, ನಿಲ್ಲು ಅಂದ್ರಿ. ನಿಮಗೆ ಯಾರು ಹೇಳ್ತಿದ್ರು?”

ಮಾವ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. “ನನಗೆ ಯಾರಮ್ಮ ಹೇಳ್ತಾರೆ? ನೆಲ ನೋಡ್ತಿದ್ದೆ, ಗುರುತಿಗೆ ಒಂದು ಕಲ್ಲು ಇಟ್ಕೊಳ್ತಿದ್ದೆ. ನಾನೇ ಅಳೆದು ನಾನೇ ಅಂತಿದ್ದೆ.”

“ಅಷ್ಟೇನಾ?”

“ಅಷ್ಟೇ.”

ಮಾರನೆಯ ಬೆಳಗ್ಗೆ ಡಿಪೋಗೆ ಹೊರಡುವಾಗ ಅಂಗಡಿಯ ಅಳತೆ ಟೇಪು, ಸೀಮೆಸುಣ್ಣ, ಹಿತ್ತಾಳೆ ತಲೆಯ ಒಂದು ಮೊಳೆ ಜೇಬಿಗೆ ಹಾಕಿಕೊಂಡಳು. ಮಾವನ ಊರುಗೋಲನ್ನು ಕಿತ್ತುಕೊಂಡು ನನ್ನ ಕೈಗೆ ಕೊಟ್ಟಳು. “ನೀವಿಬ್ಬರೂ ಇದನ್ನ ಕಾಯ್ತಾ ಕೂತಿರಿ. ಗಾಡಿ ಹಿಂದೆ ಯಾರೂ ನಿಲ್ಲಬಾರದು.”

ಕುರ್ಚಿ ಅಳೆದ ಹಾಗೇ ಗಾಡಿಯನ್ನು ಅಳೆದಳು. ಅಂಗಳದ ಮೇಲೆ ಪರೀಕ್ಷೆಯ ಚೌಕವನ್ನು ಸುಣ್ಣದಲ್ಲಿ ಬರೆದಳು, ಕಂಬಕ್ಕೆ ಮುರುಕು ಕುರ್ಚಿಗಳ ಕಾಲು ನಿಲ್ಲಿಸಿದಳು. ಒಂದಡಿ ಹಿಂದಕ್ಕೆ ಬರುವುದು, ಇಳಿದು ಹೋಗಿ ನೋಡುವುದು, ಮತ್ತೆ ಹತ್ತಿ ಕೂರುವುದು. ಹತ್ತಿ ಇಳಿದು, ಹತ್ತಿ ಇಳಿದು, ಬಾಗಿಲಿನ ಕೀಲೇ ಕಿರುಗುಟ್ಟತೊಡಗಿತು. ಕೊನೆಗೆ ಹಿಂದಿನ ಪಕ್ಕದ ಕಿಟಕಿಯ ರೆಗ್ಜಿನ್ ಪಟ್ಟಿಗೆ ಆ ಹಿತ್ತಾಳೆ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಸೀಟಿನಿಂದ ತಿರುಗಿ ನೋಡಿದಾಗ ಕೊನೆಯ ಕಂಬ ಆ ಮೊಳೆಯ ನೇರಕ್ಕೆ ಬಂದರೆ ಗೆರೆಗೆ ಇನ್ನು ಒಂದು ಮೊಳ ಬಾಕಿ.

“ಅಯ್ಯೋ, ಆ ರೆಗ್ಜಿನ್ನು ನಾನು ಹೋದ ತಿಂಗಳು ಹಾಕಿದ್ದು ಕಣೇ!” ಅಂದೆ, ಕೂತಲ್ಲಿಂದಲೇ.

“ಕೋಲು ನೋಡ್ಕೊಳ್ಳಿ,” ಅಂದಳು.

ಆದರೂ ಕಾಲು ಕೇಳಲಿಲ್ಲ. ಕಣ್ಣಿಗೆ ಅಳತೆ ಗೊತ್ತಾಯಿತು, ಕಾಲಿಗೆ ಅಪ್ಪಣೆ ಬೇಕಾಗಿತ್ತು. ಸದ್ದಿಲ್ಲದಿದ್ದರೆ ಬ್ರೇಕಿನ ಮೇಲಿಂದ ಏಳುವುದೇ ಇಲ್ಲ. ರೇಡಿಯೋ ಹಾಕಿ ನೋಡಿದಳು. ಹಾಡು ನಿಂತು ಸುದ್ದಿ ಬಂದ ಕೂಡಲೇ ಗಾಡಿ ನಿಂತಿತು. ನಾನು ಮಾವ ಅಕ್ಕಪಕ್ಕ ಕೂತು, ಕೋಲನ್ನು ಇಬ್ಬರೂ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ನೋಡಿದೆವು. ಮುದುಕರ ಕೈ ಕುಟ್ಟಲು ತಹತಹಿಸುತ್ತಿತ್ತು. ನನ್ನ ಗಂಟಲಿನ ಪಾಡೂ ಅದೇ.

ನಾಲ್ಕನೇ ದಿನ ಅವಳ ದನಿ ಕೇಳಿಸಿತು. ಮೊದಲು ಗೊಣಗಿದ ಹಾಗೆ, ಆಮೇಲೆ ಸರಿಯಾಗಿ.

“ಬರ್ಲಿ... ಬರ್ಲಿ... ಬರ್ಲಿ...”

ಗೂಡ್ಸು ಬರುತ್ತಿದೆ.

“ಬರ್ಲಿ... ಬರ್ಲಿ... ಸಾಕು.”

ನಿಂತಿತು. ಎದ್ದು ಓಡಿಹೋಗಿ ನೋಡೋಣ ಅಂದರೆ ಮಾವ ನನ್ನ ಅಂಗಿ ಹಿಡಿದು ಕೂರಿಸಿದರು. ಅವಳೇ ಇಳಿದು, ಸುತ್ತಿ ಬಂದು, ಬಗ್ಗಿ ನೋಡಿ, ಟೇಪು ಹಿಡಿದಳು. “ನಾಲ್ಕು ಬೆರಳು ಜಾಸ್ತಿ ಬಂದೆ,” ಅಂದು ಮತ್ತೆ ಹತ್ತಿದಳು. ಆ ದಿನ ಮೂವತ್ತು ಸಲ. ಮಾರನೆಯ ದಿನವೂ. ಅದರ ಮಾರನೆಯ ದಿನ ಗಂಟಲು ಕಟ್ಟಿಹೋಗಿತ್ತು. ಬಿಸಿನೀರು ಕುಡಿದುಕೊಂಡು ಅಂದಳು, “ಬರ್ಲಿ, ಬರ್ಲಿ.”

ಎರಡನೇ ಪರೀಕ್ಷೆಗೆ ನನ್ನನ್ನು ಬರಬೇಡಿ ಅಂದಳು. “ನೀವು ಬೇಲಿ ಹತ್ತಿರ ನಿಂತರೆ ನಿಮ್ಮ ಮೂಗು ಅರಳೋದು ಗಾಡಿಯೊಳಗಿಂದಲೂ ಕಾಣುತ್ತೆ.” ನಾನು ಹೂಂ ಅಂದು, ಬಸ್ಸು ಹಿಡಿದು ಹೋಗಿ, ಮೈದಾನದ ಹಿಂದಿನ ಗೋಡೆಯ ಆಚೆ ನಿಂತೆ. ಗೋಡೆ ನನಗಿಂತ ಎತ್ತರ. ಏನೂ ಕಾಣದು, ಕೇಳಬಹುದು ಅಷ್ಟೇ. ನಾಲ್ಕನೆಯವಳು ಅವಳು. ನಮ್ಮ ಗೂಡ್ಸಿನ ಎಂಜಿನ್ನಿನ ಸದ್ದು ನನಗೆ ನನ್ನ ಕೆಮ್ಮಿನಷ್ಟು ಪರಿಚಯ. ಮುಂದಕ್ಕೆ ಹೋಯಿತು, ತಿರುಗಿತು, ಏರು ಹತ್ತಿತು, ಬಂದು ನಿಂತಿತು. ಆಮೇಲೆ ಸುಮ್ಮನಾಯಿತು.

ನನ್ನ ಉಗುರು ಗೋಡೆಯ ಸುಣ್ಣ ಕೆರೆಯುತ್ತಿತ್ತು. ಹೋದ ಸಲದ ಹಾಗೆಯೇ ಇದೂ ಆಯಿತು ಅಂದುಕೊಂಡೆ. ಆ ಕಡೆ ಒಂದು ಮಂಡಿ ಇದೆ, ಅದಕ್ಕೆ ಇನ್ನು ಎರಡೇ ದಿನ ಇದೆ. ಇಲ್ಲಿಂದಲೇ ಒಂದು ಸಲ ‘ಬರ್ಲಿ’ ಅಂತ ಕೂಗಿಬಿಡಲೇ ಅನ್ನಿಸಿತು. ಬಾಯಿ ತೆರೆದದ್ದೂ ನಿಜ. ಕೈಯನ್ನು ಬಾಯೊಳಗೆ ಇಟ್ಟುಕೊಂಡು ಕಚ್ಚಿದೆ.

ಆಗ ಗೋಡೆಯ ಆಚೆಯಿಂದ, ಕಟ್ಟಿದ ಗಂಟಲಲ್ಲಿ, ಬಂತು.

“ಬರ್ಲಿ... ಬರ್ಲಿ...”

ಒಂದು ಗಂಡಸಿನ ದನಿ ಕೇಳಿಸಿತು. “ಯಾರಿಗಮ್ಮ ಹೇಳ್ತಿದೀರಿ?”

“ನನಗೇ ಸಾರ್. ಬರೋಳೂ ನಾನೇ, ಬರ್ಲಿ ಅನ್ನೋಳೂ ನಾನೇ. ಬರ್ಲಿ... ಬರ್ಲಿ... ಬರ್ಲಿ... ಸಾಕು.”

ಬ್ರೇಕಿನ ಕೀಚಲು. ಕಂಬ ಬಿದ್ದ ಸದ್ದು ಬರುತ್ತದೇನೋ ಅಂತ ಕಾದೆ, ಬರಲಿಲ್ಲ. ಬಾಗಿಲು ತೆರೆಯಿತು. ಗಂಡಸಿನ ದನಿ ಅಂದಿತು, “ಆಯ್ತಮ್ಮ, ಇಳಿಯೋದು ಬೇಡ, ಸರಿಯಾಗೇ ಇದೆ. ಪಾಸು.”

“ಒಂದು ನಿಮಿಷ ಸಾರ್, ನೋಡಿ ಬರ್ತೀನಿ.”

“ನಾನು ನೋಡಿದೆನಲ್ಲಮ್ಮ!”

“ನಾನು ನೋಡಿಲ್ಲ ಸಾರ್.”

ಚಪ್ಪಲಿಯ ಸದ್ದು ಗಾಡಿಯ ಹಿಂದಕ್ಕೆ ಬಂದು ನಿಂತಿತು, ಗೋಡೆಯ ಪಕ್ಕಕ್ಕೇ, ನನ್ನಿಂದ ಎರಡು ಅಡಿ ದೂರಕ್ಕೆ. ನಾನು ಗೋಡೆಗೆ ಅಂಟಿಕೊಂಡೆ.

“ಒಂದು ಗೇಣು,” ಅಂದಳು. ಆಮೇಲೆ ದನಿ ತಗ್ಗಿಸಿ ಅಂದಳು, “ರೀ, ಅಲ್ಲಿ ಏನು ಮಾಡ್ತಿದೀರಿ? ನಿಮ್ಮ ಉಸಿರು ಇಲ್ಲಿಗೆ ಕೇಳ್ತಿದೆ.”

ಒಂದನೇ ತಾರೀಕು ಬೆಳಗ್ಗೆ ಭಾಮೈದ ಪಾಳಿಗೆ ಹೋದ. ಅವಳು ದಿಂಬು ತಟ್ಟಿ ಕೂತಳು. ಹಿಂದೆ ಮಾವ, ಅವರ ಕೋಲು ನನ್ನ ತೊಡೆಯ ಮೇಲೆ. ಪಕ್ಕದ ಸೀಟಿನಲ್ಲಿ ಕೂರಲು ನನಗೆ ಒಂದು ಕರಾರು ಹಾಕಿದ್ದಳು. ಓಣಿಯಿಂದ ಆಸ್ಪತ್ರೆಯ ಗೇಟಿನ ತನಕ ಬಾಯಿ ಬಿಡಬಾರದು. ನಾಲ್ಕು ರಸ್ತೆ ಕೂಡುವಲ್ಲಿ ಹಿಂದಿನವನು ಹಾರನ್ ಹೊಡೆದ. ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಅವಳು ಕನ್ನಡಿಯಲ್ಲಿ ನೋಡಿ, “ಬರ್ಲಿ ಬಿಡಿ, ಅವನಿಗೆ ಎಲ್ಲಿಗೋ ಅರ್ಜೆಂಟು,” ಅಂದು ಗಾಡಿ ಪಕ್ಕಕ್ಕೆ ತೆಗೆದು ದಾರಿ ಬಿಟ್ಟಳು. ಮಾವ ಹಿಂದಿನಿಂದ ಅವನಿಗೆ ಕೈ ಬೀಸಿದರು.

ಒಂದು ದಿನವೂ ತಪ್ಪಲಿಲ್ಲ. ಟೈರು ಪಂಕ್ಚರಾದ ದಿನವೂ ಹೋದೆವು, ಅವಳಿಗೆ ಜ್ವರ ಬಂದ ದಿನವೂ ಹೋದೆವು. ಕಾಲು ಬಗ್ಗಿಸುವ ಮೇಡಂ ಪ್ರತಿ ಸಲವೂ ಮಂಡಿಗೆ ಕೋನಮಾಪಕ ಇಡುತ್ತಿದ್ದರು. ಅವರ ಪಕ್ಕದಲ್ಲಿ ನಿಂತು ಇವಳೂ ಬಗ್ಗಿ ಅಂಕಿ ನೋಡುತ್ತಿದ್ದಳು. ಅರವತ್ತಿತ್ತು, ಎಪ್ಪತ್ತಾಯಿತು, ಎಪ್ಪತ್ತೈದಕ್ಕೆ ಬಂದು ಎರಡು ವಾರ ಅಲ್ಲೇ ಕೂತಿತು. ಮಾವ ನೋವಿಗೆ ಹಲ್ಲು ಕಚ್ಚಿದಾಗ ಇವಳು ಅವರ ಕೈ ಹಿಡಿದು, ಮೆಲ್ಲಗೆ, “ಬರ್ಲಿ ಅಪ್ಪ, ಬರ್ಲಿ, ಬರ್ಲಿ,” ಅನ್ನುತ್ತಿದ್ದಳು. ಮೇಡಂ ನಕ್ಕರು. ಆಮೇಲೆ ಅವರೂ ಹಾಗೆಯೇ ಅನ್ನತೊಡಗಿದರು. ಮೂರನೇ ತಿಂಗಳ ಕೊನೆಯ ವಾರ ಮಂಡಿ ತೊಂಬತ್ತಕ್ಕೆ ಬಂತು.

ಆ ದಿನ ಹೊರಗೆ ಬಂದು ಗೂಡ್ಸಿನ ಹಿಂದಿನ ಸೀಟನ್ನು ಎತ್ತಿ ನಿಲ್ಲಿಸಿದೆ. ಮಾವ ಎಲ್ಲರ ಹಾಗೆ ಕಾಲು ಮಡಿಚಿ, ಮುಖ ಮುಂದಕ್ಕೆ ಮಾಡಿ ಕೂತರು. ಅರ್ಧ ಮೈಲಿ ಹೋಗಿರಲಿಲ್ಲ.

“ನಿಲ್ಲಿಸಮ್ಮ, ನಿಲ್ಲಿಸು. ತಲೆ ತಿರುಗ್ತಿದೆ. ಮುಂದಿನಿಂದ ಎಲ್ಲಾ ಮೈಮೇಲೆ ಬಂದ ಹಾಗಾಗುತ್ತೆ.”

ಅವಳು ಕನ್ನಡಿ ನೋಡಿ, ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಇಳಿದು ನಾನು ಮತ್ತೆ ಸೀಟು ಮಡಿಚಿ ಫೋಮಿನ ಹಾಸಿಗೆ ಹಾಕಿದೆ. ಅದು ಇವತ್ತಿಗೂ ಅಲ್ಲೇ ಇದೆ. ಮಂಡಿ ಚೆನ್ನಾಗಿ ಬಗ್ಗುತ್ತದೆ, ಮೆಟ್ಟಿಲು ತಾವೇ ಹತ್ತುತ್ತಾರೆ. ಗೂಡ್ಸು ಹತ್ತಿದರೆ ಮಾತ್ರ ಕಾಲು ಚಾಚಿಯೇ ಕೂರುವುದು, ಮುಖ ಹಿಂದಕ್ಕೆ. ನನ್ನ ಲೈಸೆನ್ಸೂ ವಾಪಸು ಬಂದಿದೆ. ಕೀ ಕೇಳಿದಾಗ ಅವಳು ಕೊಡುತ್ತಾಳೆ, ಇಲ್ಲ ಅನ್ನುವುದಿಲ್ಲ. ಸಂಜೆ ನಾನು ಓಣಿಗೆ ಹಿಂದಕ್ಕೆ ತರುವಾಗ ಮಾತ್ರ, ಹೊಲಿಗೆ ಬಿಟ್ಟು ಬಂದು, ಗೋಡೆಯ ಪಕ್ಕ ನಿಂತು, ಕೈ ಎತ್ತಿ, “ಬರ್ಲಿ,” ಅನ್ನುತ್ತಾಳೆ.